ಹತ್ತು ಅಡಿಕೆ, ಒಂದು ನೋಟ್‌ಬುಕ್: ಬಸುರಿಯ ಒಂಬತ್ತು ತಿಂಗಳು

"ಅಕ್ಕಾ, ಈ ತಿಂಗಳು ಆಗ್ಲಿಲ್ಲ" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು. ಕಳೆದ ಸಲ ಮುಟ್ಟಾದ ಮೊದಲ ದಿನ ಯಾವುದು? ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ. ಗಂಡನ ಹತ್ತಿರ ಕೇಳುತ್ತಾರೆ, ಅತ್ತೆಯ ಮುಖ ನೋಡುತ್ತಾರೆ. ಒಬ್ಬಳು ಹುಡುಗಿ ಹೇಳಿದ್ದಳು, "ಮನೆಯ ಭೂತಕೋಲದ ಮರುದಿನ ಅಕ್ಕಾ. ಒಂದು ದಿನ ಮೊದಲೇ ಆಗಿದ್ದರೆ ಕೋಲಕ್ಕೆ ಹೋಗ್ಲಿಕ್ಕೆ ಆಗ್ತಿರ್ಲಿಲ್ಲ, ಹಾಗಾಗಿ ನೆನಪುಂಟು." ಕೋಲದ ಆಮಂತ್ರಣ ಪತ್ರಿಕೆ ಅಡಿಗೆಮನೆಯ ಡಬ್ಬದ ಹಿಂದೆ ಸಿಕ್ಕಿತು. ಅದರಲ್ಲಿದ್ದ ತಾರೀಕು ಹಿಡಿದು ನಾವಿಬ್ಬರೂ ಲೆಕ್ಕ ಹಾಕಿದೆವು. ಹೆರಿಗೆ ಆದದ್ದು ಆ ಲೆಕ್ಕಕ್ಕಿಂತ ಮೂರೇ ದಿನ ಮೊದಲು.

ನಾನು ಕಾಸರಗೋಡಿನ ಎಣ್ಮಕಜೆ ಪಂಚಾಯತಿನಲ್ಲಿ ಆಶಾ ಕಾರ್ಯಕರ್ತೆ. 2008ರಿಂದ ಇದೇ ಕೆಲಸ. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಆದರೆ ಬಸುರಿಯರ ಜೊತೆ ಕೂತು, ಅವರ ಜೊತೆ ಬಸ್ಸಿನಲ್ಲಿ ಹೋಗಿ, ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕಳೆದು ಗೊತ್ತಾದದ್ದು ಬಹಳ ಉಂಟು. ಗಡಿಯ ಈ ಬದಿಯಲ್ಲಿ ಮನೆ ಮಾತು ಕನ್ನಡ, ತುಳು. ಆಸ್ಪತ್ರೆಯ ಕಾಗದ ಮಲಯಾಳ. ಹಾಗಾಗಿ ಬಸುರಿಯ ಪರವಾಗಿ ಯಾವಾಗಲೂ ಬೇರೆ ಯಾರೋ ಮಾತಾಡುತ್ತಿರುತ್ತಾರೆ. ಗಂಡ ಉತ್ತರ ಹೇಳುತ್ತಾನೆ, ನಾದಿನಿ ಅನುವಾದ ಮಾಡುತ್ತಾಳೆ. ನನಗೆ ಇದು ಸರಿ ಕಾಣುವುದಿಲ್ಲ. ನಿಮ್ಮ ಮೈಯ ಸುದ್ದಿ ನಿಮ್ಮ ಬಾಯಿಂದಲೇ ಬರಬೇಕು. ಯಾವ ತಿಂಗಳಿಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಬಾಯಿ ತಾನಾಗಿ ಬರುತ್ತದೆ.

ಮೊದಲು ತಾರೀಕು

ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತಗೊಳ್ಳಿ. ಮೊದಲ ಪುಟದಲ್ಲಿ ಕೊನೆಯ ಸಲ ಮುಟ್ಟಾದ ಮೊದಲ ದಿನ ಬರೆಯಿರಿ. ಅದಕ್ಕೆ ಒಂಬತ್ತು ತಿಂಗಳು ಕೂಡಿಸಿ, ಮತ್ತೆ ಏಳು ದಿನ ಕೂಡಿಸಿ. ಜೂನ್ 10 ಆಗಿದ್ದರೆ ಮಾರ್ಚ್ 17. ಹೆರಿಗೆಯ ಈ ಅಂದಾಜು ತಾರೀಕನ್ನೇ ಡಾಕ್ಟರ್ ಚೀಟಿಯಲ್ಲಿ ಇ.ಡಿ.ಡಿ. ಅಂತ ಬರೆಯುವುದು. ಒಟ್ಟು 280 ದಿನ, ಅಂದರೆ 40 ವಾರ. ಸರಿಯಾಗಿ ಅದೇ ದಿನ ಹೆರುವವರು ಕಡಿಮೆ. 37 ವಾರ ತುಂಬಿದ ಮೇಲೆ ಮಗು ಯಾವಾಗ ಬಂದರೂ ಅವಸರದ ಹೆರಿಗೆ ಅನ್ನುವುದಿಲ್ಲ. 41 ವಾರ ದಾಟುವುದಕ್ಕೆ ಮಾತ್ರ ಬಿಡಬಾರದು, ಆಸ್ಪತ್ರೆಗೆ ಹೋಗಲೇಬೇಕು.

ಮನೆಯ ಹಿರಿಯರ ಲೆಕ್ಕ ತಿಂಗಳಲ್ಲಿ, ಡಾಕ್ಟರ ಲೆಕ್ಕ ವಾರದಲ್ಲಿ. ಅಜ್ಜಿ "ಏಳಕ್ಕೆ ಬಿತ್ತು" ಅಂದರೆ ಆರು ತುಂಬಿತು ಅಂತ ಅರ್ಥ. ಡಾಕ್ಟರ ಹತ್ತಿರ "ಏಳು ತಿಂಗಳು" ಅಂತ ಹೇಳಿದರೆ ಅಲ್ಲೇ ನಾಲ್ಕು ವಾರ ಹೆಚ್ಚುಕಮ್ಮಿ. ಅದಕ್ಕೇ ವಾರದಲ್ಲಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಸೋಮವಾರ ನೋಟ್‌ಬುಕ್ಕಿನಲ್ಲಿ ವಾರದ ನಂಬರು ಬರೆದರೆ ಸಾಕು. ಮುಟ್ಟು ಸರಿಯಾಗಿ ಬಾರದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರಿಗೆ ಮೊದಲ ಮೂರು ತಿಂಗಳೊಳಗೆ ಮಾಡುವ ಸ್ಕ್ಯಾನಿನ ತಾರೀಕೇ ಗಟ್ಟಿ.

ಮೊದಲ ಮೂರು ತಿಂಗಳು

ಮುಟ್ಟು ಒಂದು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಬಹುದು. ಕಿಟ್ ಮೆಡಿಕಲ್‌ನಲ್ಲಿ ಸಿಗುತ್ತದೆ, ಆಶಾ ಹತ್ತಿರವೂ ನಿಶ್ಚಯ್ ಅಂತ ಒಂದು ಕಿಟ್ ಇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರ ಒಳ್ಳೆಯದು. ಎರಡು ಗೆರೆ ಬಂದರೆ ಹೌದು. ಒಂದೇ ಗೆರೆ ಬಂದು, ಆಮೇಲೂ ಮುಟ್ಟಾಗದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿ.

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅಂತ ನಮ್ಮಲ್ಲಿ ಉಂಟಲ್ವಾ? ನೆರೆಕರೆಗೆ ಹೇಳುವುದು ಬೇಡ. ಊರಿನ ಆರೋಗ್ಯ ಸಬ್ ಸೆಂಟರಿಗೆ ಮಾತ್ರ ಹೇಳಿ. ಹನ್ನೆರಡು ವಾರದೊಳಗೆ ಹೆಸರು ಬರೆಸಬೇಕು. ಆವಾಗಲೇ ಕಾರ್ಡ್ ಸಿಗುವುದು, ರಕ್ತ ಪರೀಕ್ಷೆ ಆಗುವುದು. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್.ಐ.ವಿ., ಕಾಮಾಲೆಯ ಹೆಪಟೈಟಿಸ್ ಬಿ, ಸಿಫಿಲಿಸ್, ಮೂತ್ರ, ಇಷ್ಟನ್ನೂ ನೋಡುತ್ತಾರೆ. "ನನಗೆ ಆ ಪರೀಕ್ಷೆ ಯಾಕೆ" ಅಂತ ಬೇಸರ ಬೇಡ. ಎಲ್ಲರಿಗೂ ಮಾಡುತ್ತಾರೆ. ಕೇಂದ್ರ ಸರಕಾರದ ಮಾತೃ ವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ಉಂಟು, ಎರಡನೆಯದು ಹೆಣ್ಣಾದರೆ 6,000. ಅಂಗನವಾಡಿ ಟೀಚರ ಹತ್ತಿರ ಕೇಳಿ.

ಫೋಲಿಕ್ ಆಸಿಡ್ ಗುಳಿಗೆ ದಿನಕ್ಕೆ ಒಂದು, ಈ ಮೂರು ತಿಂಗಳು ತಪ್ಪಿಸಬೇಡಿ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ವಾರಗಳಲ್ಲೇ. ಮಗುವಿಗೆ ಯೋಚನೆ ಮಾಡುತ್ತಿರುವವರು ಬಸಿರಾಗುವ ಮೊದಲೇ ಶುರು ಮಾಡಿದರೆ ಇನ್ನೂ ಒಳ್ಳೆಯದು.

ಆರನೇ ವಾರದ ಹೊತ್ತಿಗೆ ವಾಂತಿ, ವಾಕರಿಕೆ ಶುರುವಾಗುತ್ತದೆ. ಒಗ್ಗರಣೆಯ ವಾಸನೆ ಆಗುವುದಿಲ್ಲ, ಮೀನು ಹುರಿಯುವ ವಾಸನೆಗೆ ಹೊರಗೆ ಓಡಬೇಕು. ಹೆಚ್ಚಿನವರಿಗೆ ಮೂರೂವರೆ, ನಾಲ್ಕು ತಿಂಗಳಿಗೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಒಂದು ರಸ್ಕ್ ಅಥವಾ ಒಂದು ಮುಷ್ಟಿ ಒಣ ಅವಲಕ್ಕಿ ತಿನ್ನಿ. ಆಮೇಲೆ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಯಿರಿ. ಪುನರ್ಪುಳಿ ಸಾರು ಹಲವರಿಗೆ ಹಿಡಿಸುತ್ತದೆ. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಹಳದಿಯಾದರೆ ಮನೆಯಲ್ಲಿ ಕೂರಬೇಡಿ. ಡ್ರಿಪ್ ಬೇಕಾಗುತ್ತದೆ. "ನಾನೂ ಹೀಗೇ ವಾಂತಿ ಮಾಡಿಕೊಂಡು ನಾಲ್ಕು ಹೆತ್ತೆ" ಅಂತ ಅತ್ತೆ ಹೇಳಿದರೂ ಹೋಗಿ.

ಪಪ್ಪಾಯಿ ಕಾಯಿ ಬೇಡ. ಚೆನ್ನಾಗಿ ಹಣ್ಣಾದ ಪಪ್ಪಾಯಿ ಒಂದು ತುಂಡು ತಿಂದೆ ಅಂತ ಅಳುತ್ತಾ ಬಂದವರಿದ್ದಾರೆ, ಅದಕ್ಕೆ ಹೆದರುವುದು ಬೇಡ. ಎಲೆಯಡಿಕೆಯ ಅಭ್ಯಾಸ ಇದ್ದರೆ ಬಿಡಿ. ಹೊಗೆಸೊಪ್ಪು ಮಗುವಿನ ತೂಕ ತಿನ್ನುತ್ತದೆ. ಬೀಡಿ ಕಟ್ಟುವವರಿಗೆ ಇದನ್ನು ಹೇಳುವಾಗ ನನಗೆ ಕಷ್ಟವಾಗುತ್ತದೆ, ಆ ಸಂಪಾದನೆಯಲ್ಲೇ ಮನೆ ನಡೆಯುವುದು ನನಗೆ ಗೊತ್ತು. ಆದರೂ ಈ ಒಂಬತ್ತು ತಿಂಗಳು ನಿಲ್ಲಿಸಲು ಆದರೆ ನಿಲ್ಲಿಸಿ. ಆಗದಿದ್ದರೆ ಒಳಕೋಣೆ ಬಿಟ್ಟು ಜಗಲಿಯಲ್ಲಿ ಗಾಳಿಗೆ ಕೂತುಕೊಳ್ಳಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಸೋಪು ಹಾಕಿ ಕೈ ತೊಳೆದೇ ಊಟ ಮಾಡಿ. ತಲೆನೋವು, ಬೆನ್ನುನೋವಿಗೆ ಮನೆಯಲ್ಲಿ ಇಟ್ಟುಕೊಂಡ ಗುಳಿಗೆ ನುಂಗಬೇಡಿ. ಬೇರಿನ ಕಷಾಯವೂ ಹಾಗೆಯೇ, ಕೇಳಿಯೇ ಕುಡಿಯಿರಿ.

ಈ ಹೊತ್ತಿನಲ್ಲಿ ಒಂದೆರಡು ಹನಿ ರಕ್ತ ಕಂಡರೂ ಹೇಳಬೇಕು. ಎಲ್ಲ ಸಲ ಕೆಟ್ಟದ್ದೇ ಆಗುವುದಿಲ್ಲ. ಆದರೆ ಹೊಟ್ಟೆಯ ಒಂದೇ ಬದಿಗೆ ಜೋರು ನೋವು, ತಲೆ ತಿರುಗುವುದು, ಭುಜದ ತುದಿಯಲ್ಲಿ ನೋವು ಇದ್ದರೆ ಮಗು ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ಕೂತಿರಬಹುದು. ಅದು ಜೀವಕ್ಕೇ ಅಪಾಯ. ಆ ಕ್ಷಣವೇ ಹೊರಡಬೇಕು. ಇನ್ನೊಂದು ಮಾತು. ಮೊದಲ ತಿಂಗಳುಗಳಲ್ಲಿ ಬಸಿರು ಹೋದರೆ ಅದು ನೀವು ಬಸ್ಸಿನಲ್ಲಿ ಹೋದದ್ದರಿಂದ, ನೀರು ಎತ್ತಿದ್ದರಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆಚ್ಚಿನ ಸಲ ಆ ಬಸಿರು ಮೊದಲಿಂದಲೇ ಸರಿಯಾಗಿ ಕೂಡಿರುವುದಿಲ್ಲ.

ನಡುವಿನ ತಿಂಗಳುಗಳು

ನಾಲ್ಕರಿಂದ ಆರು ತಿಂಗಳು, ಬಸುರಿಯ ಸುಖದ ಕಾಲ. ಹಸಿವು ಬರುತ್ತದೆ, ಮುಖ ತುಂಬಿಕೊಳ್ಳುತ್ತದೆ. ಮೊದಲ ಬಸಿರಾದರೆ 18ರಿಂದ 20 ವಾರದ ಹೊತ್ತಿಗೆ ಮಗು ಮಿಸುಕಾಡಿದ್ದು ಗೊತ್ತಾಗುತ್ತದೆ. ಎರಡನೆಯದಾದರೆ ಸ್ವಲ್ಪ ಮೊದಲೇ. ಒದೆಯುತ್ತದೆ ಅಂತ ಕಾಯಬೇಡಿ, ಒದೆತ ಆಮೇಲೆ ಬರುವುದು. ಮೊದಲು ಬರುವುದು ಬಾಲ್ದಿಯ ನೀರಿನಲ್ಲಿ ಸಣ್ಣ ಮೀನು ಹೊರಳಿದ ಹಾಗೆ, ಅಷ್ಟೇ. ಆ ದಿನದ ತಾರೀಕೂ ನೋಟ್‌ಬುಕ್ಕಿಗೆ ಹೋಗಲಿ.

ಈಗ ಕಬ್ಬಿಣದ ಗುಳಿಗೆ ಶುರು. ದಿನಕ್ಕೊಂದು, 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಡಾಕ್ಟರ್ ಹೆಚ್ಚು ಕೊಡುತ್ತಾರೆ. ನಾನು ಮನೆಮನೆಗೆ ಹೋದಾಗ ತಲೆದಿಂಬಿನ ಅಡಿಯಲ್ಲಿ, ದೇವರ ಕೋಣೆಯ ಹಲಗೆಯ ಮೇಲೆ ಒಡೆಯದ ಪಟ್ಟಿಗಳನ್ನು ನೋಡಿದ್ದೇನೆ. ಕೇಳಿದರೆ "ಮಲ ಕಪ್ಪಾಗ್ತದೆ ಅಕ್ಕಾ, ಮಲಬದ್ಧತೆ ಆಗ್ತದೆ" ಅಂತಾರೆ. ಕಪ್ಪಾಗುವುದು ಸಹಜ, ಅದರಿಂದ ಏನೂ ಇಲ್ಲ. ಮಲಬದ್ಧತೆಗೆ ಬಸಳೆ, ಹರಿವೆ, ಬಾಳೆಹಣ್ಣು, ಜಾಸ್ತಿ ನೀರು. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ತಗೊಳ್ಳಿ. ಚಹಾ, ಕಾಫಿ, ಹಾಲಿನ ಜೊತೆ ನುಂಗಬೇಡಿ, ಕಬ್ಬಿಣ ಮೈಗೆ ಹಿಡಿಯುವುದಿಲ್ಲ. ಲಿಂಬೆ ಶರಬತ್ತು, ನೆಲ್ಲಿಕಾಯಿ, ಪೇರಳೆ ಜೊತೆ ಚೆನ್ನಾಗಿ ಹಿಡಿಯುತ್ತದೆ. ಕ್ಯಾಲ್ಸಿಯಂ ಗುಳಿಗೆ ಬೇರೆ, ದಿನಕ್ಕೆ ಎರಡು. ಕಬ್ಬಿಣಕ್ಕೂ ಅದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ.

ಊಟದ ವಿಷಯದಲ್ಲಿ ನಮ್ಮ ಊರಿನಷ್ಟು ಅನುಕೂಲ ಬೇರೆಲ್ಲಿ? ಹಿತ್ತಲಿನ ನುಗ್ಗೆ ಸೊಪ್ಪು, ಹುರುಳಿ ಸಾರು, ಕುಚ್ಚಲಕ್ಕಿ ಗಂಜಿ, ಮೊಟ್ಟೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ. ಇಬ್ಬರಿಗಾಗಿ ತಿನ್ನಬೇಕು ಅಂತ ಅನ್ನದ ಗುಡ್ಡೆ ಬಡಿಸುವುದು ಬೇಡ. ಅನ್ನ ಮೊದಲಿನಷ್ಟೇ ಇರಲಿ, ಅದರ ಬದಿಯಲ್ಲಿರುವ ಸೊಪ್ಪು, ಬೇಳೆ, ಮೀನು ಜಾಸ್ತಿಯಾಗಲಿ. ಮೊದಲೇ ಸಾಧಾರಣ ತೂಕ ಇದ್ದವರಿಗೆ ಹೆರಿಗೆಯ ಹೊತ್ತಿಗೆ ಸುಮಾರು ಹತ್ತು, ಹನ್ನೆರಡು ಕಿಲೋ ಏರಿದರೆ ಸರಿ.

ಧನುರ್ವಾಯು, ಗಂಟಲಮಾರಿ ಬಾರದ ಹಾಗೆ ಕೊಡುವ ಟಿ.ಡಿ. ಇಂಜೆಕ್ಷನ್ ಎರಡು, ನಾಲ್ಕು ವಾರದ ಅಂತರದಲ್ಲಿ. ಹುಳದ ಮಾತ್ರೆ ಒಂದು. ಸಕ್ಕರೆಯ ಪರೀಕ್ಷೆ ಮೊದಲ ಭೇಟಿಯಲ್ಲಿ ಒಮ್ಮೆ, ಮತ್ತೆ 24ರಿಂದ 28 ವಾರದೊಳಗೆ ಒಮ್ಮೆ. 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದರ ಮೇಲೆ ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ಈ ನೀರು ತುಂಬಾ ಸಿಹಿ, ಕೆಲವರಿಗೆ ವಾಂತಿ ಬರುತ್ತದೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಸಿಸ್ಟರಿಗೆ ಹೇಳಿ, ಇನ್ನೊಂದು ದಿನ ಮಾಡಬೇಕಾಗುತ್ತದೆ. ಸುಮ್ನೆ ಕೂತು ರಕ್ತ ಕೊಟ್ಟು ಬಂದರೆ ಆ ಪರೀಕ್ಷೆಗೆ ಅರ್ಥ ಇಲ್ಲ.

ಐದನೇ ತಿಂಗಳ ಸ್ಕ್ಯಾನ್ 18ರಿಂದ 20 ವಾರದಲ್ಲಿ. ಮಗುವಿನ ತಲೆ, ಬೆನ್ನು, ಹೃದಯ, ಕೈಕಾಲು ಒಂದೊಂದೇ ನೋಡುವ ಸ್ಕ್ಯಾನ್ ಇದು. ಗಂಡೋ ಹೆಣ್ಣೋ ಅಂತ ಕೇಳಬೇಡಿ, 1994ರ ಕಾನೂನಿನ ಪ್ರಕಾರ ಹೇಳುವುದೂ ತಪ್ಪು, ಕೇಳುವುದೂ ತಪ್ಪು. ನಮ್ಮ ಪಂಚಾಯತಿನ ಪಡ್ರೆ, ಸ್ವರ್ಗದ ಕಡೆ ಈ ಸ್ಕ್ಯಾನಿನ ಹಿಂದಿನ ರಾತ್ರಿ ಎಷ್ಟೋ ಮನೆಯಲ್ಲಿ ನಿದ್ದೆ ಇರುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು ನಿಂತು ಇಪ್ಪತ್ತು ವರ್ಷ ಕಳೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ತಡೆಯಿತು. ಹೆದರಿಕೆ ಮಾತ್ರ ಹೋಗಿಲ್ಲ. ಹುಟ್ಟಿನಿಂದಲೇ ತೊಂದರೆ ಇರುವ ಅಕ್ಕನ ಮಗುವನ್ನು, ನೆರೆಮನೆಯ ಮಗುವನ್ನು ನೋಡುತ್ತಾ ಬೆಳೆದ ಹುಡುಗಿಯರು ಇವರು. ಒಬ್ಬಳು ಇಡೀ ದಾರಿ ನನ್ನ ಕೈ ಬಿಡಲಿಲ್ಲ. ಬಳೆ ಒತ್ತಿದ ಗುರುತು ಸಂಜೆಯವರೆಗೂ ನನ್ನ ಮಣಿಕಟ್ಟಿನಲ್ಲಿ ಇತ್ತು. ಹೆದರಿಕೆ ಇದ್ದರೆ ಅದನ್ನೇ ಡಾಕ್ಟರಿಗೆ ಹೇಳಿ. "ನಮ್ಮ ಮನೆಯಲ್ಲಿ ಹೀಗೊಂದು ಮಗು ಉಂಟು, ಸ್ವಲ್ಪ ಗಮನ ಕೊಟ್ಟು ನೋಡಿ." ಆ ಒಂದು ಮಾತಿನಿಂದ ಅವರು ನೋಡುವ ರೀತಿಯೇ ಬೇರೆಯಾಗುತ್ತದೆ. ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ, ಆದರೆ ಏನಾದರೂ ಕಂಡರೆ ಯೋಚನೆ ಮಾಡಲು ಸಮಯ ಸಿಗುತ್ತದೆ. ಅದಕ್ಕೇ ಇದನ್ನು ಮುಂದೂಡಬಾರದು.

ಕೊನೆಯ ಮೂರು ತಿಂಗಳು

ಸೀಮಂತಕ್ಕೆ ಹೂ ಮುಡಿಸಿ, ಹಸಿರು ಬಳೆ ತೊಡಿಸಿ, ಐದು ಬಗೆಯ ಸಿಹಿ ಬಡಿಸುತ್ತಾರೆ. ಸಂತೋಷದ ದಿನ. ಸಕ್ಕರೆ ಇದೆ ಅಂತ ಗೊತ್ತಾದವರು ಒಂದು ತುಂಡು ಬಾಯಿಗೆ ಹಾಕಿ ಉಳಿದದ್ದು ಬದಿಗಿಡಿ. ಕುರ್ಚಿ ಕೇಳಿ ಕೂತುಕೊಳ್ಳಿ. ಎರಡು ಗಂಟೆ ನಿಂತು ಎಲ್ಲರ ಕಾಲು ಹಿಡಿಯುವುದು ಬೇಡ, ಹಿರಿಯರು ಕೂತಲ್ಲಿಗೇ ಬಂದು ಹರಸುತ್ತಾರೆ.

ಇಲ್ಲಿ ನನ್ನದೇ ಒಂದು ಕತೆ ಹೇಳಬೇಕು. ನಾನು ಸುಳ್ಯದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಮಲಯಾಳ ಒಂದಕ್ಷರ ಬರುತ್ತಿರಲಿಲ್ಲ. ಮೊದಲ ಬಸಿರು, ಎಂಟನೇ ತಿಂಗಳು, ಮಳೆಗಾಲ. ಚೆಕಪ್‌ಗೆ ಒಂದು ಆಸ್ಪತ್ರೆಗೆ ಹೋಗಿದ್ದೆ. ಜನ ತುಂಬಿದ್ದರು. ಸಿಸ್ಟರ್ ಪುಸ್ತಕದಿಂದ ತಲೆ ಎತ್ತದೆ ಕೇಳಿದರು, "ಕಾಲಿಲ್ ನೀರುಂಡೋ?" ಕಾಲಿನಲ್ಲಿ ನೀರು ಉಂಟಾ ಅಂತ ನನಗೆ ಅರ್ಥವಾಯಿತು. ನಾನು ಬಾಗಿಲಲ್ಲೇ ಕಾಲು ಒರೆಸಿಕೊಂಡು ಬಂದಿದ್ದೆ. "ಇಲ್ಲ" ಅಂದೆ. ಅವರು ಹಾಗೇ ಬರೆದುಕೊಂಡರು. ಆ ದಿನ ಬಿ.ಪಿ.ಯನ್ನೂ ನೋಡಲಿಲ್ಲ.

ಮಲಯಾಳದಲ್ಲಿ ನೀರ್ ಅಂದರೆ ಬಾವು. ನೀರಿಗೆ ಅವರು ವೆಳ್ಳಂ ಅನ್ನುತ್ತಾರೆ. ನನ್ನ ಪಾದ ಆಗಲೇ ಊದಿ ಚಪ್ಪಲಿಯ ಪಟ್ಟಿಯ ಎರಡೂ ಬದಿಗೆ ಉಬ್ಬಿ ನಿಂತಿತ್ತು. ಉಂಗುರ ಬೆರಳಿನಿಂದ ಬರುತ್ತಿರಲಿಲ್ಲ. ಒಂಬತ್ತು ದಿನ ಕಳೆದು ತಲೆ ಸಿಡಿಯುವ ಹಾಗೆ ನೋವು ಬಂತು, ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ. ಬಿ.ಪಿ. 160ರ ಮೇಲೆ. ತಿಂಗಳು ತುಂಬುವ ಮೊದಲೇ ಮಗಳನ್ನು ತೆಗೆಯಬೇಕಾಯಿತು. 1 ಕಿಲೋ 900 ಗ್ರಾಂ. ಅವಳು ಬದುಕಿ ದೊಡ್ಡವಳಾದಳು, ದೇವರು ದೊಡ್ಡವನು. ಆದರೆ ಆ "ಇಲ್ಲ" ಅನ್ನುವ ಮಾತು ನನಗೆ ಇವತ್ತಿಗೂ ಕೇಳುತ್ತದೆ.

ಸಂಜೆಗೆ ಪಾದ ಸ್ವಲ್ಪ ಊದಿ, ಬೆಳಿಗ್ಗೆಗೆ ಇಳಿದರೆ ಅದು ಸಾಮಾನ್ಯ. ಬೆಳಿಗ್ಗೆ ಏಳುವಾಗಲೂ ಊದಿಕೊಂಡಿದ್ದರೆ, ಮುಖ, ಕೈ ಊದಿದರೆ, ಬಿಡದ ತಲೆನೋವು, ಕಣ್ಣು ಮಂಜು, ಎದೆಗುಂಡಿಯ ಕೆಳಗೆ ನೋವು ಇದ್ದರೆ ಅದೇ ದಿನ ಹೋಗಿ. ಬಿ.ಪಿ. 140/90 ಮುಟ್ಟಿದರೆ ಜಾಗ್ರತೆ ಬೇಕು. ಪ್ರತಿ ಭೇಟಿಯಲ್ಲಿ ಬಿ.ಪಿ. ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ನೋಡದಿದ್ದರೆ ನೋಡಿ ಅಂತ ಹೇಳಿ.

ಗಡಿಯಾಚೆಯಿಂದ ಮದುವೆಯಾಗಿ ಬಂದವರು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇಷ್ಟು ಮಾತು ಬರೆದಿಟ್ಟುಕೊಳ್ಳಿ. ನೀರ್ ಅಂದರೆ ಬಾವು. ವೆಳ್ಳಂ ಪೋಯೋ ಅಂದರೆ ನೀರು ಒಡೆಯಿತಾ. ಅನಕ್ಕಂ ಉಂಡೋ ಅಂದರೆ ಮಗು ಮಿಸುಕಾಡುತ್ತದಾ. ಪನಿ ಅಂದರೆ ಜ್ವರ, ತುಳುವಿನ ಪನಿಯ ಹಾಗೆ ಮಳೆಹನಿ ಅಲ್ಲ. ಛರ್ದಿ ಅಂದರೆ ವಾಂತಿ. ತಲಕರಕ್ಕಂ ಅಂದರೆ ತಲೆ ತಿರುಗುವುದು. ಅರ್ಥವಾಗದಿದ್ದರೆ "ಮನಸ್ಸಿಲಾಯಿಲ್ಲ" ಅನ್ನಿ. ಇನ್ನೊಮ್ಮೆ ಹೇಳುತ್ತಾರೆ. ಕನ್ನಡ ಬರುವ ಸಿಸ್ಟರ್ ಇದ್ದಾರಾ ಅಂತ ಕೇಳುವುದರಲ್ಲೂ ತಪ್ಪಿಲ್ಲ.

ಈಗ ಹತ್ತು ಅಡಿಕೆಯ ವಿಷಯ. 28 ವಾರ ಆದ ಮೇಲೆ ಮಗುವಿನ ಓಡಾಟ ದಿನಾ ಗಮನಿಸಬೇಕು. ಬೆರಳೆಣಿಸಿದರೆ ನಡುವೆ ಮರೆತುಹೋಗುತ್ತದೆ. ನಾನು ಎಲ್ಲರಿಗೂ ಹತ್ತು ಗೋಟಡಿಕೆ ಒಂದು ಬಟ್ಟಲಲ್ಲಿ ಹಾಕಿ ಇಟ್ಟುಕೊಳ್ಳಲು ಹೇಳುತ್ತೇನೆ. ರಾತ್ರಿ ಊಟ ಮಾಡಿ ಎಡಮಗ್ಗುಲಿಗೆ ಮಲಗಿ. ಫೋನು ಬದಿಗಿಡಿ. ಮಗು ಒದೆದರೆ, ಹೊರಳಿದರೆ, ಉರುಳಿದರೆ ಒಂದು ಅಡಿಕೆ ಆಚೆ ಬಟ್ಟಲಿಗೆ. ಹೆಚ್ಚಿನ ಮಕ್ಕಳು ಅರ್ಧ ಗಂಟೆಯಲ್ಲೇ ಹತ್ತೂ ದಾಟಿಸಿಬಿಡುತ್ತವೆ. ಎರಡು ಗಂಟೆಯಾದರೂ ಹತ್ತು ಆಗದಿದ್ದರೆ, ಅಥವಾ ಯಾವಾಗಲೂ ಜೋರಾಗಿ ಆಡುವ ಮಗು ಇವತ್ತು ಸುಮ್ಮನಾಗಿದೆ ಅಂತ ನಿಮಗೆ ಅನಿಸಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಹೋಗಿ. ಕೊನೆಕೊನೆಗೆ ಜಾಗ ಸಾಲದೆ ಮಗುವಿನ ಆಟ ಕಡಿಮೆಯಾಗುತ್ತದೆ ಅನ್ನುವ ಮಾತು ಸುಳ್ಳು. ರೀತಿ ಬದಲಾಗಬಹುದು, ನಿಲ್ಲಬಾರದು. ನಮ್ಮ ವಾರ್ಡಿನ ಒಬ್ಬ ಅಮ್ಮ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಅಕ್ಕಾ, ನಾಲ್ಕೇ ಅಡಿಕೆ" ಅಂದಳು. ಅಷ್ಟು ಸಾಕಾಯಿತು. ಆ ರಾತ್ರಿಯೇ ಆಪರೇಶನ್ ಆಯಿತು, ಹುಡುಗ ಈಗ ಅಂಗನವಾಡಿಗೆ ಹೋಗುತ್ತಾನೆ.

ಮಲಗುವಾಗ ಮಗ್ಗುಲಿಗೆ ಮಲಗಿ, ಅಂಗಾತ ಬೇಡ. ಎದೆ ಉರಿ ಇದ್ದರೆ ತಲೆ ಸ್ವಲ್ಪ ಎತ್ತರಕ್ಕೆ. ಪದೇಪದೇ ಮೂತ್ರ ಬರುವುದು ಸಹಜ, ಉರಿ ಇದ್ದರೆ ಸಹಜ ಅಲ್ಲ. ಗುಳ್ಳೆ ಇಲ್ಲದೆ ಅಂಗೈ, ಅಂಗಾಲು ರಾತ್ರಿ ತುರಿಸಿದರೆ ಎಣ್ಣೆ ಹಚ್ಚಿ ಸುಮ್ಮನಿರಬೇಡಿ, ಲಿವರಿನ ತೊಂದರೆ ಇರಬಹುದು. ರಕ್ತದ ಗುಂಪು ನೆಗೆಟಿವ್ ಆಗಿದ್ದು ಗಂಡನದ್ದು ಪಾಸಿಟಿವ್ ಆಗಿದ್ದರೆ 28 ವಾರಕ್ಕೆ ಆಂಟಿ ಡಿ ಇಂಜೆಕ್ಷನ್ ಬಗ್ಗೆ ಕೇಳಿ. ಮಗುವೂ ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಮತ್ತೆ ಬೇಕು.

ಎಲ್ಲಿ ಹೆರುವುದು ಅಂತ 36 ವಾರದೊಳಗೆ ತೀರ್ಮಾನವಾಗಲಿ. ಮೊದಲ ಹೆರಿಗೆ ತವರಲ್ಲಿ ಅಂತ ಹೊರಡುವವರು ಕಾರ್ಡು, ಸ್ಕ್ಯಾನಿನ ಕಾಗದ, ರಕ್ತದ ರಿಪೋರ್ಟು ಎಲ್ಲಾ ತಗೊಂಡೇ ಹೋಗಿ, ಅಲ್ಲಿಯ ಆಶಾ ಯಾರು ಅಂತ ಮೊದಲೇ ತಿಳಿದುಕೊಳ್ಳಿ. ನಮ್ಮಲ್ಲಿ ಬಹಳ ಜನ ಮಂಗಳೂರೇ ಅಂತ ನಿಶ್ಚಯ ಮಾಡಿಕೊಂಡಿರುತ್ತಾರೆ. ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್. 2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ, ತಲಪಾಡಿ ಗಡಿಯ ದಾರಿಗೆ ಮಣ್ಣು ಸುರಿದು ಬಂದ್ ಮಾಡಿದಾಗ ಒಂದೇ ಲೆಕ್ಕಾಚಾರ ಇಟ್ಟುಕೊಂಡವರ ಪಾಡು ನಾವು ನೋಡಿದ್ದೇವೆ. ಅದಕ್ಕೇ ಗಡಿಯ ಈಚೆ ಒಂದು ಆಸ್ಪತ್ರೆ ಕೂಡ ಮನಸ್ಸಿನಲ್ಲಿರಲಿ. ಒಮ್ಮೆಯಾದರೂ ಅಲ್ಲಿ ತೋರಿಸಿಕೊಂಡು ಬನ್ನಿ. ಜೀಪಿನವನ ನಂಬರು, 108, ರಕ್ತ ಕೊಡುವ ಇಬ್ಬರ ಹೆಸರು, ಇವು ಗೋಡೆಯ ಕ್ಯಾಲೆಂಡರಿನಲ್ಲೇ ದಪ್ಪಕ್ಷರದಲ್ಲಿ ಇರಲಿ. ಗಂಡ ಗಲ್ಫಿನಲ್ಲಿದ್ದರೆ ಸಹಿ ಹಾಕಲು, ಜೊತೆಗೆ ನಿಲ್ಲಲು ಯಾರು ಅನ್ನುವುದೂ ಮೊದಲೇ ಗೊತ್ತಿರಲಿ.

ನೋವು ಶುರುವಾದಾಗ

ಕೊನೆಯ ವಾರಗಳಲ್ಲಿ ಹೊಟ್ಟೆ ಆಗಾಗ ಗಟ್ಟಿಯಾಗುತ್ತದೆ. ಎದ್ದು ಓಡಾಡಿದರೆ, ನೀರು ಕುಡಿದರೆ ಹೋಗುವುದಾದರೆ ಅದು ಸುಳ್ಳು ನೋವು. ನಿಜವಾದ ನೋವು ಸೊಂಟದಿಂದ ಹೊರಟು ಮುಂದಕ್ಕೆ ಬರುತ್ತದೆ. ಹೋಗುವುದಿಲ್ಲ, ಹತ್ತಿರ ಹತ್ತಿರವಾಗುತ್ತದೆ, ಜೋರಾಗುತ್ತದೆ. ಗಡಿಯಾರ ನೋಡಿ ಬರೆಯಿರಿ. ಐದು ನಿಮಿಷಕ್ಕೊಮ್ಮೆ ಬಂದು, ಒಂದು ನಿಮಿಷ ಇದ್ದು, ಒಂದು ಗಂಟೆ ಹಾಗೇ ಮುಂದುವರಿದರೆ ಹೊರಡುವ ಸಮಯ. ಇದು ಪೇಟೆಯವರ ಲೆಕ್ಕ. ಗುಡ್ಡದ ಮೇಲಿನ ಮನೆಯವರು, ಮಳೆಗಾಲದಲ್ಲಿ ತೋಡು ದಾಟುವವರು, ಎರಡನೇ ಹೆರಿಗೆಯವರು ಅಷ್ಟು ಕಾಯಬಾರದು. ರಕ್ತದ ಗೆರೆ ಇರುವ ಲೋಳೆ ಹೋದರೆ ಹತ್ತಿರ ಬಂತು ಅಂತ ಅರ್ಥ. 37 ವಾರ ಆಗುವ ಮೊದಲೇ ನೋವು ಬಂದರೆ, ಅದು ಸುಳ್ಳೋ ನಿಜವೋ ಅಂತ ಮನೆಯಲ್ಲಿ ಕೂತು ಪರೀಕ್ಷೆ ಮಾಡಬೇಡಿ.

ನೀರು ಒಡೆದರೆ ನೋವು ಇಲ್ಲದಿದ್ದರೂ ಹೊರಡಿ. ಒಂದು ಬಿಳಿ ಬಟ್ಟೆ ಇಟ್ಟುಕೊಂಡು ನೀರಿನ ಬಣ್ಣ ನೋಡಿ. ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿದೆ, ಅವಸರ ಮಾಡಿ. ಹಸಿ ರಕ್ತ ಹೋದರೆ, ಹೊಕ್ಕುಳ ಬಳ್ಳಿ ಹೊರಗೆ ಬಂದರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಿ, ಮಗ್ಗುಲಿಗೆ ಮಲಗಿಸಿ.

ಮೊದಲ ಹೆರಿಗೆಯಲ್ಲಿ ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರ್ ತೆರೆಯಲು ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟು ಹೊತ್ತು ಮಲಗಿಯೇ ಇರಬೇಕಾಗಿಲ್ಲ. ಡಾಕ್ಟರ್ ಬೇಡ ಅನ್ನದಿದ್ದರೆ ನಡೆಯಿರಿ, ಮಗ್ಗುಲು ಬದಲಿಸಿ, ನೋವಿನ ನಡುವೆ ಉಸಿರು ಉದ್ದಕ್ಕೆ ಬಿಡಿ. ಸಿಸ್ಟರ್ ಹೇಳುವವರೆಗೆ ಮುಕ್ಕಬೇಡಿ, ಅಂದರೆ ಮಗುವನ್ನು ಕೆಳಕ್ಕೆ ತಳ್ಳಲು ಬಲ ಹಾಕಬೇಡಿ. ಮುಕ್ಕುವ ಹಂತ ಬಂದಾಗ ಮೈ ತಾನಾಗಿ ಹೇಳುತ್ತದೆ. ಮಗು ಹುಟ್ಟಿ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಮಾಸು ಬೀಳುತ್ತದೆ. ಆಸ್ಪತ್ರೆಗೆ ಹೋದ ಕೂಡಲೇ ಮೂರು ಸಂಗತಿ ನೀವೇ ಹೇಳಿ. ಎಷ್ಟು ವಾರ, ನೋವು ಯಾವಾಗ ಶುರುವಾಯಿತು, ನೀರು ಹೋಗಿದೆಯಾ. ಮಾತು ಬಾರದಿದ್ದರೆ ನೋಟ್‌ಬುಕ್ ತೆರೆದು ತೋರಿಸಿ.

ಮಗು ಬಂದ ಮೇಲೆ

ಮೊದಲ ಒಂದು ಗಂಟೆಯೊಳಗೆ ಎದೆಗೆ ಹಚ್ಚಿ. ಹಳದಿ ಬಣ್ಣದ ಆ ಮಂದ ಹಾಲು ಹಿಂಡಿ ಚೆಲ್ಲಬೇಡಿ. ಜೇನು, ಬೆಲ್ಲದ ನೀರು, ಬಜೆ ಯಾವುದೂ ಬೇಡ. ಆಪರೇಶನ್ ಆದವರೂ ಹಾಲು ಕೊಡಬಹುದು, ಹಿಡಿದುಕೊಡಲು ಒಬ್ಬರು ಬೇಕು ಅಷ್ಟೇ.

ಬಾಣಂತಿಗೆ ನೀರು ಕೊಡಬಾರದು ಅನ್ನುವ ಮನೆಗಳು ಈಗಲೂ ಉಂಟು. ಬಾಯಾರಿದಷ್ಟು ಕುಡಿಯಿರಿ, ಬಿಸಿ ನೀರಾದರೂ ಸರಿ. ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಸಾರು ಒಳ್ಳೆಯದೇ, ಆದರೆ ಪಥ್ಯದ ಹೆಸರಲ್ಲಿ ಸೊಪ್ಪು, ಹಣ್ಣು ಬಿಡಿಸಬಾರದು. ಕಬ್ಬಿಣದ ಗುಳಿಗೆ ಇನ್ನೂ 180 ದಿನ. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ಒದ್ದೆಯಾದರೆ, ಜ್ವರ ಬಂದರೆ, ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ, ಒಂದು ಕಾಲು ಮಾತ್ರ ಊದಿ ನೋವಾದರೆ ಆಸ್ಪತ್ರೆಗೆ. ಮೊದಲ ವಾರದಲ್ಲಿ ಸುಮ್ಮನೆ ಅಳು ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವನ್ನು ನೋಡಲೇ ಮನಸ್ಸಾಗದಿದ್ದರೆ ಅದೂ ಒಂದು ಕಾಯಿಲೆ, ಅದಕ್ಕೂ ಮದ್ದು ಉಂಟು. ನನಗೆ ಹೇಳಿ, ನಿಮ್ಮ ಊರಿನ ಆಶಾಗೆ ಹೇಳಿ.

ಜನನ ನೋಂದಣಿ 21 ದಿನದೊಳಗೆ ಆಗಬೇಕು. ನಮ್ಮ ಕಡೆ ಕನ್ನಡದ ಹೆಸರು ಮಲಯಾಳದಲ್ಲಿ ಒಂದು ಥರ, ಇಂಗ್ಲಿಷಿನಲ್ಲಿ ಇನ್ನೊಂದು ಥರ ಬರುವುದುಂಟು. ಆಮೇಲೆ ಶಾಲೆಗೆ ಸೇರಿಸುವಾಗ ಕಾಗದ ತಿದ್ದಲು ಅಲೆದಾಟ. ಫಾರಂ ತುಂಬಿಸುವಾಗ ನಿಮ್ಮ ಹೆಸರು, ಗಂಡನ ಹೆಸರು ಆಧಾರ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಇದೆಯಾ ಅಂತ ಒಂದೊಂದೇ ಅಕ್ಷರ ಓದಿ ನೋಡಿ, ಆಮೇಲೆ ಸಹಿ ಹಾಕಿ.